ರೊಟ್ಟಿಯ ಉದ್ಯೋಗದಲ್ಲಿ ಉರಿ ಮತ್ತು ನೀರಿನ ಲೆಕ್ಕ

ಜೋಳದ ರೊಟ್ಟಿಯು ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದವರೆಗೆ ಮಾರಾಟದ ವಸ್ತುವಾಗಿರಲಿಲ್ಲ. ಬಂದವರಿಗೆ ಬಿಸಿ ರೊಟ್ಟಿ ಬಡಿಸುವುದು ಮನೆತನದ ಮರ್ಯಾದೆಯಾಗಿತ್ತು. ಅದಕ್ಕೆ ಬೆಲೆ ಕಟ್ಟುವ ವಿಚಾರವೇ ಯಾರಿಗೂ ಹೊಳೆದಿರಲಿಲ್ಲ. ಈಗ ಕಾಲ ಬದಲಾಗಿದೆ. ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳ ಅಂಗಡಿಗಳಲ್ಲಿ ಖಡಕ್ ರೊಟ್ಟಿಯ ಕಟ್ಟುಗಳು ಬಿಸ್ಕತ್ತಿನ ಪಕ್ಕದಲ್ಲಿ ಕುಳಿತಿವೆ. ನೌಕರಿಗಾಗಿ ಊರು ಬಿಟ್ಟವರ ಮನೆಗಳಿಗೆ ರೊಟ್ಟಿ, ಶೇಂಗಾ ಚಟ್ನಿ, ಶಾವಿಗೆ, ಹಪ್ಪಳಗಳು ತಿಂಗಳಿಗೊಮ್ಮೆ ಪಯಣಿಸುತ್ತವೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ಜೋಳವನ್ನು ಅರಿಯದವರೂ ಅದರ ಹೆಸರನ್ನು ಕೇಳುವಂತಾಯಿತು.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿರುವ ಹಿರೇಬೆಂಡಿಗೇರಿಯಂತಹ ಊರಿನ ಗೃಹಿಣಿಯೊಬ್ಬಳು ಈ ಉದ್ಯೋಗವನ್ನು ಕೈಗೊಳ್ಳಬೇಕೆಂದರೆ ಆಕೆಗೆ ಹೊಸದಾಗಿ ಕಲಿಯಬೇಕಾದ ವಿದ್ಯೆ ಹೆಚ್ಚೇನೂ ಇಲ್ಲ. ರೊಟ್ಟಿ ಬಡಿಯುವ ಕೈಗುಣವು ತಾಯಿಯಿಂದಲೇ ಬಂದಿರುತ್ತದೆ. ಶಿಗ್ಗಾಂವಿಯು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವುದರಿಂದ ಉತ್ತರಕ್ಕೆ ಹುಬ್ಬಳ್ಳಿಯ ಪೇಟೆ, ದಕ್ಷಿಣಕ್ಕೆ ಹಾವೇರಿ, ರಾಣೆಬೆನ್ನೂರುಗಳ ಪೇಟೆಗಳು ದೂರವೇನಲ್ಲ. ಆದರೂ ಉತ್ಸಾಹದಿಂದ ಆರಂಭವಾದ ಎಷ್ಟೋ ಗೃಹೋದ್ಯೋಗಗಳು ವರ್ಷ ತುಂಬುವುದರೊಳಗೆ ಸೊರಗುತ್ತವೆ. ರೊಟ್ಟಿ ಖರ್ಚಾಗುತ್ತದೆ, ಹಣವೂ ಬರುತ್ತದೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇದರ ಕಾರಣವನ್ನು ಈ ಲೇಖನದಲ್ಲಿ ಕುಟುಂಬದ ಬಂಧುಗಳೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಜೋಳದ ಬೆಲೆಯನ್ನು ನಿರ್ಧರಿಸುವುದು ಮಾರುಕಟ್ಟೆ. ರೊಟ್ಟಿಯ ಬೆಲೆಯನ್ನು ನಿರ್ಧರಿಸುವುದು ಕೊಳ್ಳುವ ಅಂಗಡಿ. ಇವೆರಡರ ಮೇಲೆ ರೊಟ್ಟಿ ಮಾಡುವವಳ ಅಧಿಕಾರ ನಡೆಯುವುದಿಲ್ಲ. ಇವೆರಡರ ನಡುವೆ ಉಳಿಯುವವು ಮೂರೇ: ಉರಿ, ನೀರು ಮತ್ತು ಆಕೆಯ ದುಡಿಮೆ. ಉರಿ-ನೀರುಗಳ ವೆಚ್ಚವನ್ನು ಹಿಡಿತದಲ್ಲಿಡದಿದ್ದರೆ ಕಡಿತವು ಬಂದು ಬೀಳುವುದು ಆ ಮೂರನೆಯದರ ಮೇಲೆಯೇ. ಆಗ ಆಕೆ ನಸುಕಿನ ನಾಲ್ಕು ಗಂಟೆಯಿಂದ ಒಲೆಯ ಮುಂದೆ ಕುಳಿತು ದುಡಿದುದೆಲ್ಲ ಅನಿಲದ ಸಿಲಿಂಡರಿಗೆ, ಕಟ್ಟಿಗೆಯ ಹೊರೆಗೆ ಸಂದಾಯವಾಗಿ ಹೋಗುತ್ತದೆ. ಆದ್ದರಿಂದ ಇಂಧನ ಮತ್ತು ನೀರಿನ ಮಿತವ್ಯಯವೆಂಬುದು ಜಿಪುಣತನದ ಮಾತಲ್ಲ. ಅದು ಹೆಣ್ಣುಮಗಳ ಕೂಲಿಯನ್ನು ಉಳಿಸುವ ಮಾತು.

ಆವಿಯಾಗಿ ಹೋಗುವ ಹಣ

ಉರಿಯ ಖರ್ಚು ಬೇರೆ, ನೀರಿನ ಖರ್ಚು ಬೇರೆ ಎಂದು ನಾವು ತಿಳಿಯುತ್ತೇವೆ. ಅಡಿಗೆಯ ಉದ್ಯೋಗದಲ್ಲಿ ಇವೆರಡೂ ಒಂದೇ ಲೆಕ್ಕದ ಎರಡು ಬದಿಗಳು. ಇದನ್ನು ಅರಿಯಲು ಶಾಲೆಯ ವಿಜ್ಞಾನ ಪುಸ್ತಕದ ಒಂದು ಸಂಗತಿಯನ್ನು ನೆನೆದರೆ ಸಾಕು. 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು 75 ಕಿಲೋಕ್ಯಾಲರಿ ಶಾಖ ಬೇಕು. ಅದೇ ಕುದಿಯುವ ನೀರೆಲ್ಲವೂ ಆವಿಯಾಗಿ ಹೋಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಎಂದರೆ, ನೀರನ್ನು ಕುದಿಸಲು ಒಂದು ಪಾಲು ಉರಿ ಸಾಕಾದರೆ, ಅದನ್ನು ಆರಿಸಿಬಿಡಲು ಏಳು ಪಾಲಿಗೂ ಮಿಕ್ಕಿದ ಉರಿ ಬೇಕು.

ಅಡಿಗೆಯ ಅನಿಲದ ಒಂದು ಕಿಲೋಗ್ರಾಮಿನಲ್ಲಿ ಸುಮಾರು 11,000 ಕಿಲೋಕ್ಯಾಲರಿ ಶಾಖವಿದೆ. ಒಲೆಯಿಂದ ಪಾತ್ರೆಗೆ ನೂರಕ್ಕೆ 60ರಷ್ಟು ಮುಟ್ಟುತ್ತದೆಂದು ಹಿಡಿದರೆ, ಆವಿಯಾಗಿ ಹೋಗುವ ಪ್ರತಿಯೊಂದು ಲೀಟರ್ ನೀರು ತನ್ನೊಡನೆ 80 ಗ್ರಾಮಿಗೂ ಹೆಚ್ಚು ಅನಿಲವನ್ನು ಒಯ್ಯುತ್ತದೆ. ಒಂದು ಖಾನಾವಳಿಯಲ್ಲಿ ಬೇಳೆ, ಪಲ್ಯಗಳ ಪಾತ್ರೆಗಳನ್ನು ಮುಚ್ಚದೆ ಕುದಿಸುವುದರಿಂದ ದಿನಕ್ಕೆ ಮೂರು ಲೀಟರ್ ನೀರು ಸುಮ್ಮನೆ ಆವಿಯಾಗುತ್ತದೆಂದು ಎಣಿಸೋಣ. ದಿನಕ್ಕೆ ಕಾಲು ಕಿಲೋದಷ್ಟು ಅನಿಲ ಹೋಯಿತು; ತಿಂಗಳಿಗೆ ಏಳು ಕಿಲೋ ಮೀರಿತು; ಎರಡೂವರೆ ತಿಂಗಳಿಗೆ 19 ಕಿಲೋದ ಒಂದು ವಾಣಿಜ್ಯ ಸಿಲಿಂಡರ್ ಮಾಡಿನ ಸಂದಿಯಿಂದ ಹಾರಿಹೋಯಿತು. ಇದಕ್ಕೆ ಬೇಕಾಗಿದ್ದ ಪರಿಹಾರ ಒಂದು ಮುಚ್ಚಳ ಮಾತ್ರ.

ಇನ್ನೊಂದು ಮಾತನ್ನು ಅಡಿಗೆಯವರು ಮನಗಾಣಬೇಕು. ನೀರು ಒಮ್ಮೆ ಕುದಿಗೆ ಬಂದ ಮೇಲೆ ಎಷ್ಟೇ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಬಿಸಿ ಏರುವುದಿಲ್ಲ. ಕೊತಕೊತನೆ ಕುದಿದರೂ, ಮೆಲ್ಲಗೆ ಕುದಿದರೂ ಬೇಳೆ ಬೇಯುವ ಸಮಯ ಹೆಚ್ಚುಕಡಮೆ ಅಷ್ಟೇ. ಹೆಚ್ಚಾದ ಉರಿಯೆಲ್ಲ ಆವಿಗೆ ಸಲ್ಲುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಬೇಕೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮಾತಿನಲ್ಲಿ ಈ ವಿಜ್ಞಾನವೇ ಅಡಗಿತ್ತು.

ಹಂಚಿನ ಮೇಲಿನ ರೊಟ್ಟಿ

ಈಗ ರೊಟ್ಟಿಯ ವಿಚಾರಕ್ಕೆ ಬರೋಣ. ನೂರು ರೊಟ್ಟಿಗೆ ಸುಮಾರು ಆರು ಕಿಲೋ ಹಿಟ್ಟು ಹಿಡಿಯುತ್ತದೆಂದರೆ, ಎಸರು ಮತ್ತು ಮೇಲೆ ಸವರುವ ನೀರು ಸೇರಿ ಆರು ಲೀಟರಿನಷ್ಟು ನೀರು ಅದರೊಳಗೆ ಸೇರುತ್ತದೆ. ಖಡಕ್ ರೊಟ್ಟಿಯಾಗಬೇಕಾದರೆ ಈ ನೀರು ಹೆಚ್ಚುಕಡಮೆ ಪೂರ್ತಿಯಾಗಿ ಹೊರಗೆ ಹೋಗಬೇಕು. ಮೇಲಿನ ಲೆಕ್ಕದ ಪ್ರಕಾರ ಉತ್ತಮ ಒಲೆಯಲ್ಲಿಯೂ ಇದಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಅನಿಲ ಬೇಕು. ರೊಟ್ಟಿಯ ಉದ್ಯೋಗವೆಂದರೆ ಮೂಲತಃ ನೀರನ್ನು ಆರಿಸುವ ಉದ್ಯೋಗ ಎಂಬುದು ಇದರಿಂದ ತಿಳಿಯುತ್ತದೆ.

ಅಂದ ಮೇಲೆ ಉಳಿತಾಯದ ಮೊದಲ ದಾರಿಯೂ ಇಲ್ಲಿಯೇ ಇದೆ. ರೊಟ್ಟಿಯನ್ನು ಬೇಯಿಸಲು ಉರಿ ಬೇಕೇ ಬೇಕು. ಆದರೆ ಬೆಂದ ರೊಟ್ಟಿಯನ್ನು ಖಡಕ್ ಮಾಡಲು ಅದೇ ಬೆಲೆಯುಳ್ಳ ಉರಿ ಬೇಕೆಂದಿಲ್ಲ. ಒಲೆಯ ಹಿಂದಿನ ಕೋಡೊಲೆಯ ಬಿಸಿ, ಒಲೆ ಆರಿದ ಮೇಲೆ ಉಳಿಯುವ ಕೆಂಡದ ಕಾವು, ತೆಳುವಾದ ಶುಭ್ರ ಬಟ್ಟೆ ಹೊದಿಸಿದ ಚಪ್ಪರದ ಮೇಲಿನ ಬಿಸಿಲು, ಇವು ಮೂರೂ ಈ ಕೆಲಸಕ್ಕೆ ಒದಗುತ್ತವೆ. ನೂರು ರೊಟ್ಟಿಯ ಆರು ಲೀಟರಿನಲ್ಲಿ ಕೊನೆಯ ಎರಡು ಲೀಟರನ್ನು ಹೀಗೆ ಆರಿಸಿದರೆ 160 ಗ್ರಾಮಿನಷ್ಟು ಅನಿಲ ಉಳಿಯುತ್ತದೆ. ದಿನಕ್ಕೆ ಐದು ನೂರು ರೊಟ್ಟಿ ಮಾಡುವ ಒಂದು ಸ್ತ್ರೀಶಕ್ತಿ ಸಂಘಕ್ಕೆ ಇದು ಸುಮಾರು 23 ದಿನಗಳಿಗೆ ಒಂದು ವಾಣಿಜ್ಯ ಸಿಲಿಂಡರಿನ ಉಳಿತಾಯ. ಮಳೆಗಾಲದಲ್ಲಿ ಮಾತ್ರ ಬಿಸಿಲನ್ನು ನಂಬಬಾರದು. ಅರೆ ಒಣಗಿದ ರೊಟ್ಟಿಗೆ ಬೂಷ್ಟು ಹಿಡಿದರೆ ಉಳಿಸಿದ ಅನಿಲಕ್ಕಿಂತ ಕಳೆದುಕೊಂಡ ಗಿರಾಕಿಯೇ ದೊಡ್ಡ ನಷ್ಟ.

ಹಂಚನ್ನು ಕಾಯಿಸುವುದಕ್ಕೂ ಉರಿ ಬೇಕು. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಮೂವತ್ತು, ಸಂಜೆ ಇಪ್ಪತ್ತು ಎಂದು ಬಿಡಿಬಿಡಿಯಾಗಿ ಮಾಡಿದರೆ ಹಂಚನ್ನು ಮೂರು ಸಲ ಕಾಯಿಸಿದಂತಾಗುತ್ತದೆ. ಇಬ್ಬರು ಬಡಿದು ಒಬ್ಬರು ಬೇಯಿಸುವಂತೆ ಕೂಡಿ ಕುಳಿತರೆ ಹಂಚು ಒಂದು ಗಳಿಗೆಯೂ ಬರಿದಾಗಿ ಕಾಯುವುದಿಲ್ಲ. ನಾಲ್ಕು ಮನೆಯವರು ಸರದಿಯ ಮೇಲೆ ಒಂದೇ ಒಲೆಯಲ್ಲಿ ಮಾಡುವ ಪದ್ಧತಿಯಿಂದ ಮಾತುಕತೆಗೆ ಮಾತುಕತೆ, ಉಳಿತಾಯಕ್ಕೆ ಉಳಿತಾಯ. ಖಡಕ್ ರೊಟ್ಟಿಗೆ ಇನ್ನೊಂದು ಗುಣವಿದೆ. ಅದನ್ನು ಕೆಡದಂತೆ ಇಡಲು ಶೀತಪೆಟ್ಟಿಗೆ ಬೇಡ. ಗಾಳಿಯಾಡದ ಡಬ್ಬಿ ಸಾಕು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಮನೆಮನೆಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಬಂದು ದಾಸೋಹಕ್ಕೆ ಸೇರುವುದು ಸಾಧ್ಯವಾಗುವುದು ಈ ಗುಣದಿಂದಲೇ. ಮೆತ್ತನೆಯ ಚಪಾತಿಯನ್ನು ಹೀಗೆ ಕೂಡಿಡುವಂತಿಲ್ಲ. ಯಾವ ಪದಾರ್ಥವನ್ನು ಮಾರಬೇಕೆಂದು ಆರಿಸುವಾಗಲೇ ವಿದ್ಯುತ್ತಿನ ಖರ್ಚನ್ನೂ ಆರಿಸಿದಂತಾಗುತ್ತದೆ.

ಒಲೆಯ ಸುಧಾರಣೆ

ಕಟ್ಟಿಗೆಯ ಒಲೆಯಲ್ಲಿ ರೊಟ್ಟಿ ಮಾಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತನೆಯ ಒಂದು ಪಾಲಿನಷ್ಟೇ ಪಾತ್ರೆಗೆ ಮುಟ್ಟುತ್ತದೆ; ಉಳಿದುದು ಗೋಡೆಗೆ, ಗಾಳಿಗೆ ಮತ್ತು ಬೇಯಿಸುವವಳ ಮುಖಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರವು ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಪರಿಚಿತವಾಯಿತು. ಮುಚ್ಚಿದ ಉರಿಗೂಡು, ಗಾಳಿ ಬರಲು ಕೆಳಗೆ ಜಾಲರಿ, ಪಾತ್ರೆಗಳು ಸರಿಯಾಗಿ ಕೂರುವ ಸಾಲು ಕಿಂಡಿಗಳು, ಹೊಗೆ ಹೊರಗೆ ಹೋಗಲು ಕೊಳವೆ, ಇವಿಷ್ಟೇ ಅದರ ಗುಟ್ಟು. ಅದರ ದಕ್ಷತೆ ನೂರಕ್ಕೆ 30ನ್ನು ಮೀರುತ್ತದೆ. ಲೆಕ್ಕದಂತೆ ಮೂರನೆಯ ಒಂದು ಪಾಲು ಕಟ್ಟಿಗೆಯಲ್ಲಿ ಅದೇ ಅಡಿಗೆ ಆಗಬೇಕು. ನಿತ್ಯದ ಬಳಕೆಯಲ್ಲಿ ಉಳಿತಾಯ ಅಷ್ಟಾಗದಿದ್ದರೂ ಹೊರೆ ಇಳಿಯುವುದು ಖಂಡಿತ. ಕಣ್ಣುರಿ, ಕೆಮ್ಮುಗಳೂ ಇಳಿಯುತ್ತವೆ. ಈ ಒಲೆಗಳು ಮೂಲೆಗೆ ಬಿದ್ದ ಮನೆಗಳಲ್ಲಿ ಕಾರಣವು ಬಹುಮಟ್ಟಿಗೆ ಒಂದೇ: ಕೊಳವೆಯ ಮಸಿಯನ್ನು ಕಾಲಕಾಲಕ್ಕೆ ತೆಗೆಯಲಿಲ್ಲ, ಒಡೆದ ಕಿಂಡಿಯನ್ನು ಮೆತ್ತಲಿಲ್ಲ.

ಹಸಿ ಕಟ್ಟಿಗೆಯ ವಿಷಯದಲ್ಲಿಯೂ ಆವಿಯ ಲೆಕ್ಕವೇ ನಡೆಯುತ್ತದೆ. ಹತ್ತು ಕಿಲೋ ಹಸಿ ಕಟ್ಟಿಗೆಯಲ್ಲಿ ಮೂರು-ನಾಲ್ಕು ಕಿಲೋ ನೀರಿದ್ದರೆ, ಒಲೆಯು ಮೊದಲು ಆ ನೀರನ್ನು ಆವಿ ಮಾಡಿ ಆಮೇಲೆ ನಮ್ಮ ಹಂಚಿಗೆ ಬರುತ್ತದೆ. ಬೇಸಿಗೆಯಲ್ಲಿಯೇ ಕಟ್ಟಿಗೆ ಸೀಳಿ, ನೆರಳಿನ ಅಟ್ಟದಲ್ಲಿ ಒಟ್ಟಿದವರಿಗೆ ಮಳೆಗಾಲದ ಖರ್ಚು ಅರಿವಿಲ್ಲದೆಯೇ ತಗ್ಗುತ್ತದೆ.

ಅನಿಲದ ಒಲೆಯವರು ನೋಡಬೇಕಾದುದು ಜ್ವಾಲೆಯ ಬಣ್ಣವನ್ನು. ನೀಲಿಯಾಗಿದ್ದರೆ ಸರಿ, ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ರಂಧ್ರಗಳು ಕಟ್ಟಿವೆ ಎಂದರ್ಥ. ಜ್ವಾಲೆಯು ಹಂಚಿನ ಅಂಚನ್ನು ದಾಟಿ ಹೊರಗೆ ನಾಲಗೆ ಚಾಚಿದರೆ ಅಷ್ಟೂ ವ್ಯರ್ಥ. ದನಗಳಿರುವ ಮನೆಯವರು ಗೋಬರ್ ಅನಿಲವನ್ನು ಮರೆಯಬಾರದು. ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು. ಅದು ಚೆನ್ನಾಗಿ ನಡೆದರೆ ಮುಕ್ಕಾಲು ಕಿಲೋಗೂ ಹೆಚ್ಚು ಅಡಿಗೆ ಅನಿಲಕ್ಕೆ ಸಮನಾದ ಉರಿ ನಿತ್ಯ ದೊರೆಯುತ್ತದೆ. ಹೊರಬರುವ ರಾಡಿ ಹೊಲಕ್ಕೆ ಗೊಬ್ಬರ.

ದೊಡ್ಡ ಅಡಿಗೆಮನೆಯಿಂದ ಸಣ್ಣ ಪಾಠ

ಹುಬ್ಬಳ್ಳಿಯಲ್ಲಿ ಅಕ್ಷಯಪಾತ್ರೆ ಸಂಸ್ಥೆಯು ಶಾಲಾ ಮಕ್ಕಳ ಬಿಸಿಯೂಟಕ್ಕಾಗಿ ನಡೆಸುವ ಅಡಿಗೆಮನೆಯು ಬಹು ದೊಡ್ಡದು. ಅಲ್ಲಿ ಅನ್ನ-ಸಾಂಬಾರುಗಳ ಹಂಡೆಗಳ ಕೆಳಗೆ ಬೆಂಕಿಯಿಲ್ಲ. ಬಾಯ್ಲರಿನಿಂದ ಬರುವ ಉಗಿಯೇ ಬೇಯಿಸುತ್ತದೆ. ಧಾನ್ಯವು ಮೇಲಿನ ಅಂತಸ್ತಿನಿಂದ ತನ್ನ ಭಾರದಿಂದಲೇ ಕೆಳಗಿನ ಹಂಡೆಗಳಿಗೆ ಇಳಿಯುವ ಏರ್ಪಾಡಿದೆ. ಶಿರಡಿಯ ಸಾಯಿ ಸಂಸ್ಥಾನವು 2009ರಲ್ಲಿ 73 ದೊಡ್ಡ ಕನ್ನಡಿ ತಟ್ಟೆಗಳನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಸೂರ್ಯನ ಶಾಖದಿಂದ ಉಗಿ ಮಾಡಿ ಪ್ರಸಾದದ ಅಡಿಗೆಗೆ ಬಳಸಿತು.

ಹಳ್ಳಿಯ ಖಾನಾವಳಿಗೆ ಬಾಯ್ಲರ್ ಎಲ್ಲಿಂದ ಬರಬೇಕು ಎಂದು ಓದುಗರು ಕೇಳಬಹುದು. ಬಾಯ್ಲರ್ ಬೇಡ, ಅದರ ಹಿಂದಿನ ತತ್ತ್ವ ಸಾಕು. ಉಗಿಯನ್ನು ಹೊರಗೆ ಬಿಡದೆ ದುಡಿಸಿಕೊಳ್ಳುವುದೇ ಆ ತತ್ತ್ವ. ಪ್ರೆಶರ್ ಕುಕ್ಕರ್ ಮಾಡುವುದೂ ಅದನ್ನೇ. ಒಳಗಿನ ಒತ್ತಡದಿಂದ ನೀರಿನ ಬಿಸಿ ಸುಮಾರು 120 ಡಿಗ್ರಿಗೆ ಏರುವುದರಿಂದ ಬೇಳೆ ಬೇಗ ಬೇಯುತ್ತದೆ, ಆವಿಯೂ ಉಳಿಯುತ್ತದೆ. ಕಡಲೆ, ಮಡಕೆ, ಹೆಸರುಗಳನ್ನು ರಾತ್ರಿಯೇ ನೆನೆಹಾಕಿದರೆ ಬೇಯುವ ಸಮಯ ಇನ್ನೂ ತಗ್ಗುತ್ತದೆ. ನೆನೆಯುವುದಕ್ಕೆ ಉರಿಯ ಹಂಗಿಲ್ಲ. ಅನ್ನದ ಪಾತ್ರೆಯನ್ನು ಮುಕ್ಕಾಲು ಬೆಂದಾಗ ಇಳಿಸಿ, ಬಿಗಿಯಾಗಿ ಮುಚ್ಚಿ, ಬತ್ತದ ಹುಲ್ಲು ತುಂಬಿದ ಬುಟ್ಟಿಯಲ್ಲಿ ಹುಗಿದಿಟ್ಟರೆ ಉಳಿದ ಕಾಲು ಭಾಗ ತನ್ನ ಕಾವಿನಲ್ಲಿಯೇ ಬೇಯುತ್ತದೆ. ಊಟದ ಹೊತ್ತಿಗೆ ಮತ್ತೆ ಬಿಸಿ ಮಾಡುವ ಖರ್ಚೂ ತಪ್ಪುತ್ತದೆ.

ಎಸರಿನ ನೀರಿಗೆ ಸೂರ್ಯನ ನೆರವು ಪಡೆಯುವುದು ಸುಲಭ. ಸೌರ ಜಲತಾಪಕದಿಂದ 55 ಡಿಗ್ರಿಯ ನೀರು ದೊರೆತರೆ, ಕುದಿಯ ಮಟ್ಟಕ್ಕೆ ತರುವ ಶಾಖದಲ್ಲಿ ನೂರಕ್ಕೆ 40 ಪಾಲು ಮೊದಲೇ ಉಳಿಯಿತು. ಅಡಿಗೆಗೆ ಬಳಸುವ ಈ ನೀರು ಕುಡಿಯಲು ಯೋಗ್ಯವಾಗಿರಬೇಕು. ತೊಟ್ಟಿ, ಕೊಳವೆಗಳು ಶುದ್ಧವಾಗಿರಬೇಕೆಂಬುದನ್ನು ಮರೆಯಬಾರದು.

ನೀರಿನ ಲೆಕ್ಕ

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರವು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂತಹ ವರ್ಷದಲ್ಲಿ ಕೊಳವೆಬಾವಿ ಬತ್ತಿದರೆ ರೊಟ್ಟಿಯ ಉದ್ಯೋಗವೂ ನಿಲ್ಲುತ್ತದೆ, ದನಗಳ ಬಾಯಿಯೂ ಒಣಗುತ್ತದೆ. ನೀರಿಗೆ ಬಿಲ್ಲು ಬಾರದ ಊರಿನಲ್ಲಿಯೂ ಅದನ್ನು ಎತ್ತುವ ಪಂಪಿಗೆ ವಿದ್ಯುತ್ತು ಬೇಕು, ಹೊರುವ ಹೆಣ್ಣುಮಗಳಿಗೆ ಸೊಂಟ ಬೇಕು.

ಹಿಟ್ಟು ನಾದಲು ಬೇಕಾಗುವ ನೀರು ಸ್ವಲ್ಪ. ಪಾತ್ರೆ ತೊಳೆಯಲು, ಕಾಳು ತೊಳೆಯಲು, ನೆಲ ತೊಳೆಯಲು ಹೋಗುವ ನೀರೇ ಹೆಚ್ಚು. ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಪಾತ್ರೆ ತೊಳೆದರೆ 200 ಲೀಟರ್ ಹೋಯಿತು. ಮೊದಲು ಮುಸುರೆಯನ್ನು ಕೈಯಿಂದ ಬಳಿದು ತೆಗೆದು, ಒಂದು ಬುಟ್ಟಿಯಲ್ಲಿ ಉಜ್ಜಿ, ಎರಡನೆಯದರಲ್ಲಿ ತೊಳೆದು, ಮೂರನೆಯದರಲ್ಲಿ ಶುದ್ಧ ನೀರಿನಿಂದ ಜಾಲಿಸಿದರೆ ಇಪ್ಪತ್ತು ಲೀಟರಿನ ಮೂರು ಬುಟ್ಟಿಗಳಲ್ಲಿ ಕೆಲಸ ಮುಗಿಯುತ್ತದೆ. ಸೋರುವ ನಲ್ಲಿಯಿಂದ ಕ್ಷಣಕ್ಕೊಂದು ಹನಿ ಬಿದ್ದರೂ ದಿನಕ್ಕೆ ಒಂದು ಕೊಡಕ್ಕಿಂತ ಹೆಚ್ಚು ನೀರು ಹೋಗುತ್ತದೆ. ನಾಲ್ಕಾಣೆಯ ವಾಷರಿಗಾಗಿ ವರ್ಷಗಟ್ಟಲೆ ಕಾಯುವ ಮನೆಗಳು ಎಷ್ಟಿಲ್ಲ!

ಒಮ್ಮೆ ಬಳಸಿದ ನೀರಿಗೆ ನಮ್ಮ ಹಿರಿಯರು ಹೆಸರಿಟ್ಟಿದ್ದರು. ಅಕ್ಕಿ ತೊಳೆದ ನೀರು ಅಕ್ಕಚ್ಚು. ಅದು ದನದ ಬಾನಿಗೆ. ಕಾಳು ತೊಳೆದ ನೀರು ಹಿತ್ತಲಿನ ಕರಿಬೇವಿಗೆ. ಕೊನೆಯ ಜಾಲಿಸಿದ ನೀರು ಮರುದಿನದ ಮೊದಲ ಉಜ್ಜುವಿಕೆಗೆ ಬೇಡ, ಅಂಗಳ ಸಾರಿಸಲು ಸಾಕು. ಸಾಬೂನು ಬೆರೆತ ನೀರನ್ನು ದನಗಳಿಗೂ, ಗೋಬರ್ ಗುಂಡಿಗೂ ಕೊಡಲಾಗದು. ಅದನ್ನು ಬಾಳೆಯ ಬುಡಕ್ಕೆ ಹರಿಸಬಹುದು. ಹೆಸರಿದ್ದ ನೀರು ಚರಂಡಿಗೆ ಹೋಗುತ್ತಿರಲಿಲ್ಲ ಎಂಬುದನ್ನು ನಾವು ನೆನೆಯಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಕೈ ತೊಳೆಯುವ ನೀರಿನಲ್ಲಿ, ಹಿಟ್ಟು ನಾದುವ ನೀರಿನ ಶುದ್ಧತೆಯಲ್ಲಿ ಉಳಿತಾಯ ಸಲ್ಲದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಮನೆಯಲ್ಲಿಯೇ ಮಾಡಿ ಮಾರುವ ಸಣ್ಣ ಉದ್ದಿಮೆಗೂ ಅನ್ವಯಿಸುತ್ತದೆ. ನೋಂದಣಿ ಮಾಡಿಸಿಕೊಳ್ಳಬೇಕು, ಶುದ್ಧ ನೀರನ್ನೇ ಬಳಸಬೇಕು.

ಬಿಸಿಲೆಂಬ ಬಂಡವಾಳ

ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಕೆಂಪು ಬಣ್ಣವನ್ನು ಹದವಾಗಿ ಒಣಗಿಸಿ ಕಾಯ್ದುಕೊಡುವುದು ಬಯಲಿನ ಬಿಸಿಲು. ನಮ್ಮ ತಾಯಂದಿರು ಶಾವಿಗೆ, ಸಂಡಿಗೆ, ಹಪ್ಪಳಗಳನ್ನು ಬೇಸಿಗೆಯಲ್ಲಿಯೇ ವರ್ಷಕ್ಕಾಗುವಷ್ಟು ಮಾಡಿಡುತ್ತಿದ್ದುದು ಇದೇ ಲೆಕ್ಕದಿಂದ. ಉದ್ಯೋಗ ಮಾಡುವವರೂ ಈ ಪಂಚಾಂಗವನ್ನು ಅನುಸರಿಸಿ, ಒಣಗಿಸುವ ಪದಾರ್ಥಗಳನ್ನು ಬೇಸಿಗೆಗೆ, ಹುರಿಯುವ ಚಟ್ನಿಪುಡಿಗಳನ್ನು ಮಳೆಗಾಲಕ್ಕೆ ಹಂಚಿಕೊಂಡರೆ ಉರಿಯ ಖರ್ಚು ತಾನೇ ತಗ್ಗುತ್ತದೆ.

ಬಿಸಿಲಿನಿಂದ ಯಂತ್ರವನ್ನೂ ನಡೆಸಬಹುದು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸೌರವಿದ್ಯುತ್ತಿನಿಂದ ನಡೆಯುವ ರೊಟ್ಟಿ ಯಂತ್ರಗಳನ್ನು ಗ್ರಾಮೀಣ ಮಹಿಳೆಯರಿಗೆ ತಲುಪಿಸುವ ಕಾರ್ಯವನ್ನು ಈ ಬಳಗವು ಮಾಡಿದೆ. ಯಂತ್ರ ಕೊಳ್ಳುವ ಮುನ್ನ ಮೋಟಾರಿನ ಅಳತೆ ನೋಡಬೇಕು. ಒಂದು ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಯುನಿಟ್ ನುಂಗುತ್ತದೆ. ಅರ್ಧ ಅಶ್ವಶಕ್ತಿ ಸಾಕಾಗುವ ಕಡೆ ಎರಡರದ್ದನ್ನು ತರುವುದು ಒಂದು ರೊಟ್ಟಿಗಾಗಿ ಹಂಡೆ ಎಸರಿಟ್ಟಂತೆ.

ಅಗ್ಗವೆಲ್ಲ ಉಳಿತಾಯವಲ್ಲ

ನಮ್ಮ ಗಿರಮಿಟ್ಟಿಗೆ ಮಂಡಕ್ಕಿ ಬೇಕು. ಮಂಡಕ್ಕಿಗೆ ದಾವಣಗೆರೆಯ ಭಟ್ಟಿಗಳು ಹೆಸರಾದವು. ಕಾದ ಮರಳಿನಲ್ಲಿ ಅಕ್ಕಿ ಅರಳಲು ಬಿರುಸಾದ ಉರಿ ಬೇಕು. ಆ ಉರಿಗಾಗಿ ಹಳೆಯ ಟಯರುಗಳನ್ನು ಸುಟ್ಟುದರಿಂದ ಎದ್ದ ಕರಿ ಹೊಗೆಯು ಅಲ್ಲಿ ದೀರ್ಘಕಾಲದ ದೂರಾಗಿತ್ತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ದಾವಣಗೆರೆ ಆಯ್ಕೆಯಾದಾಗ ಮಂಡಕ್ಕಿ ಭಟ್ಟಿಗಳ ಬಡಾವಣೆಯ ಸುಧಾರಣೆಯನ್ನೂ ಅದರಲ್ಲಿ ಸೇರಿಸಬೇಕಾಯಿತು. ಟಯರು ಅಗ್ಗವಾಗಿರಬಹುದು, ಆದರೆ ಅದರ ಬೆಲೆಯನ್ನು ಭಟ್ಟಿಯ ಮುಂದೆ ನಿಂತವನ ಶ್ವಾಸಕೋಶ ತೆರುತ್ತದೆ. ಖರ್ಚನ್ನು ಇನ್ನೊಬ್ಬರ ಮೈಮೇಲೆ ಹೊರಿಸುವುದು ಉಳಿತಾಯವಲ್ಲ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಉರಿಸುವುದೂ ಕಾನೂನಿಗೆ ವಿರುದ್ಧವಾದುದು. ಸರಿಯಾದ ದಾರಿಯಲ್ಲಿ ಉಳಿಸಲು ಇಷ್ಟೊಂದು ಅವಕಾಶವಿರುವಾಗ ಅಡ್ಡದಾರಿಯ ಅಗತ್ಯವೇನು?

ಒಂದು ಸಣ್ಣ ಪುಸ್ತಕ

ಕೊನೆಯದಾಗಿ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹೊಸ ಒಲೆ, ಹೊಸ ಯಂತ್ರಗಳಿಗೆ ಮೊದಲು ಒಂದು ನೋಟುಪುಸ್ತಕ ತನ್ನಿರಿ. ಸಿಲಿಂಡರ್ ಹಚ್ಚಿದ ದಿನಾಂಕ, ಮುಗಿದ ದಿನಾಂಕ, ಆ ನಡುವೆ ಮಾಡಿದ ರೊಟ್ಟಿಗಳ ಸಂಖ್ಯೆ, ದಿನಕ್ಕೆ ಬಳಸಿದ ಕೊಡಗಳು, ಮೀಟರಿನ ಯುನಿಟ್ಟುಗಳು, ಈ ಐದನ್ನು ಬರೆದಿಡಿರಿ. ಒಂದು ಸಿಲಿಂಡರಿಗೆ ಎಷ್ಟು ರೊಟ್ಟಿ, ನೂರು ರೊಟ್ಟಿಗೆ ಎಷ್ಟು ಕೊಡ ಎಂಬ ಎರಡು ಅಂಕಿಗಳು ತಿಂಗಳೊಳಗೆ ನಿಮ್ಮ ಮುಂದೆ ನಿಲ್ಲುತ್ತವೆ. ಆಮೇಲೆ ಒಂದು ತಿಂಗಳು ಮುಚ್ಚಳ ಹಾಕಿ ನೋಡಿರಿ, ಮುಂದಿನ ತಿಂಗಳು ಕೂಡಿ ಕುಳಿತು ಮಾಡಿ ನೋಡಿರಿ. ಯಾವುದರಿಂದ ಎಷ್ಟು ಉಳಿಯಿತೆಂದು ಪುಸ್ತಕವೇ ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಲೆಕ್ಕದ ಕೆಲಸವನ್ನು ಒಪ್ಪಿಸಿದರೆ ಅವರ ಗಣಿತಕ್ಕೂ ಒಳಿತು.

ಬ್ಯಾಂಕಿನ ಸಾಲಕ್ಕೆ ಹೋದಾಗಲೂ ಈ ಪುಸ್ತಕವೇ ಮಾತಾಡುತ್ತದೆ. ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ನೂರಕ್ಕೆ 35ರ ಸಹಾಯಧನವಿತ್ತು. ಕರ್ನಾಟಕ ಸರಕಾರವು ಅದಕ್ಕೆ 15ನ್ನು ಸೇರಿಸಿತು. ಇಂತಹ ನೆರವಿನ ಇಂದಿನ ನಿಯಮಗಳನ್ನು ತಾಲೂಕಿನ ಕೃಷಿ ಇಲಾಖೆಯಲ್ಲಿ ವಿಚಾರಿಸಬೇಕು.

ಆದರೆ ಪುಸ್ತಕದಲ್ಲಿ ಒಂದು ಸಾಲನ್ನು ಬಿಡಬಾರದು: ರೊಟ್ಟಿ ಮಾಡಿದವಳ ದಿನದ ಕೂಲಿ. ಹಲವು ಮನೆಗಳಲ್ಲಿ ಅನಿಲಕ್ಕೆ, ಹಿಟ್ಟಿಗೆ, ಬಸ್ಸಿನ ಚಾರ್ಜಿಗೆ ಲೆಕ್ಕವಿರುತ್ತದೆ. ಆಕೆಯ ದುಡಿಮೆಗೆ ಇರುವುದಿಲ್ಲ. ಉಳಿಸಿದ ಉರಿ, ಉಳಿಸಿದ ನೀರು ಕೊನೆಗೆ ಆ ಸಾಲಿನಲ್ಲಿ ಅಂಕಿಯಾಗಿ ಕಾಣಿಸಿಕೊಂಡಾಗಲೇ ಉದ್ಯೋಗವು ಲಾಭದಲ್ಲಿದೆಯೆಂದು ನಾವು ನಂಬಬಹುದು.